ಅಳತೆ ಕೇಳದ ಕೈಗವಸು

ದೆಹಲಿಯ ಚಳಿ ಎಂದರೆ ಏನು ಎಂದು ಊರಿನವರಿಗೆ ಹೇಳಿ ನಂಬಿಸುವುದು ಕಷ್ಟ. ನಮ್ಮ ಸಾಗರದ ಕಡೆಯವರಿಗೆ ಗೊತ್ತಿರುವುದು ಮಳೆ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವುದು, ಒಲೆಯ ಮುಂದೆ ಕೂತು ಹಲಸಿನ ಹಪ್ಪಳ ಸುಟ್ಟು ತಿನ್ನುವುದು. ಇಲ್ಲಿ ಹಾಗಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಎಷ್ಟೋ ರಾತ್ರಿ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಮಂಜು ಕವಿದರೆ ಎದುರುಮನೆ ಕಾಣುವುದಿಲ್ಲ. ಗೋಡೆ, ನೆಲ, ನಲ್ಲಿ ನೀರು, ಸ್ಟೀಲಿನ ಲೋಟ, ಮುಟ್ಟಿದ್ದೆಲ್ಲ ಕಚ್ಚುತ್ತದೆ. ಮೊದಲು ಸೋಲುವುದು ಕೈಬೆರಳು.

ಮದುವೆಯಾಗಿ ನಾನು ಇಲ್ಲಿಗೆ ಬಂದದ್ದು 1996ರ ನವೆಂಬರಿನಲ್ಲಿ. ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿ ಚಳಿ ಚಳಿ ಎಂದು ಅತ್ತಿದ್ದೆ. "ತಡಿ, ಏನಾದ್ರೂ ಮಾಡಿ ಕಳಸ್ತೀನಿ" ಎಂದಳು. ತಿಂಗಳಾದ ಮೇಲೆ ಒಂದು ಪಾರ್ಸೆಲ್ ಬಂತು. ಒಳಗೆ ಕ್ರೋಶಾದ ಶಾಲು. ಅಮ್ಮನಿಗೆ ಗೊತ್ತಿದ್ದದ್ದು ಬಾಗಿಲ ತೋರಣ, ಟೇಬಲ್ ಕ್ಲಾತು. ಹಾಗಾಗಿ ಅದೇ ಬಿಳಿ ಹತ್ತಿ ದಾರ, ಅದೇ ನವಿಲು, ನವಿಲಿನ ಸುತ್ತ ಕಿಟಕಿಯಂಥ ತೂತುಗಳು. ದೆಹಲಿಯ ಗಾಳಿ ಆ ಕಿಟಕಿಗಳಲ್ಲಿ ಆರಾಮವಾಗಿ ಓಡಾಡುತ್ತಿತ್ತು. "ಹಾಕ್ಕೊಂಡ್ಯೇನೇ? ಬೆಚ್ಚಗಿದ್ಯಾ?" ಎಂದು ಅವಳು ಕೇಳಿದಾಗೆಲ್ಲ "ಹ್ಞೂಂ ಅಮ್ಮ, ತುಂಬಾ ಬೆಚ್ಚಗಿದೆ" ಎನ್ನುತ್ತಿದ್ದೆ. ಶಾಲು ಟಿ.ವಿ.ಯ ಮೇಲೆ ಹೋಗಿ ಕೂತಿತು. 2001ರಲ್ಲಿ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಳು. ಹೊಸ್ತಿಲು ದಾಟಿ ಒಳಗೆ ಬಂದವಳೇ ಅದನ್ನು ನೋಡಿದಳು. "ಟಿ.ವಿ.ಗೆ ಚಳಿ ಆಗತ್ತೇನೇ?" ಎಂದಳು. ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಆಮೇಲೆ ಅವಳು ನನಗೆ ಏನನ್ನೂ ಹೆಣೆದು ಕೊಡಲಿಲ್ಲ.

ಇದೆಲ್ಲ ನೆನಪಾದದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಒಂದು ಜೊತೆ ಕೈಗವಸಿನ ದೆಸೆಯಿಂದ.

ನಮ್ಮ ಕಾಲನಿಯ ಗೇಟಿನಲ್ಲಿ ರಾತ್ರಿ ಪಾಳಿಯ ಕಾವಲುಗಾರರೊಬ್ಬರಿದ್ದಾರೆ. ಬಿಹಾರದ ಮಧುಬನಿ ಕಡೆಯವರು, ಐವತ್ತು ದಾಟಿದ ವಯಸ್ಸು. ನಾನು ಭೈಯಾ ಎನ್ನುತ್ತೇನೆ, ಅವರು ಮೇಡಂ ಜೀ ಎನ್ನುತ್ತಾರೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ಅವರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿರುತ್ತಿದ್ದರು. ಇವರಿಗೊಂದು ಜೊತೆ ಕೈಗವಸು ಮಾಡಿಕೊಡಬೇಕು ಅನ್ನಿಸಿತು. ಮಕ್ಕಳು ಓದಿಗೆಂದು ಹೊರಟುಹೋದ ಮೇಲೆ ನನ್ನ ಸಂಜೆಗಳು ಉದ್ದವಾಗಿದ್ದವು.

ನಾಲ್ಕು ಬೆರಳಿಗೆ ಒಂದೇ ಮನೆ, ಹೆಬ್ಬೆರಳಿಗೆ ಮಾತ್ರ ಬೇರೆ ಮನೆ ಇರುತ್ತದಲ್ಲ, ಮಿಟನ್ಸ್ ಅಂತಾರೆ, ಅದನ್ನೇ ಆರಿಸಿಕೊಂಡೆ. ಐದು ಬೆರಳಿಗೂ ಪ್ರತ್ಯೇಕ ಮನೆಯಿದ್ದರೆ ಪ್ರತಿ ಬೆರಳೂ ಒಂಟಿಯಾಗಿ ಚಳಿ ತಡೆಯಬೇಕು. ಒಟ್ಟಿಗಿದ್ದರೆ ಗಾಳಿಗೆ ಒಡ್ಡುವ ಮೈ ಕಡಿಮೆ, ಒಂದರ ಕಾವು ಇನ್ನೊಂದಕ್ಕೆ ಸಿಗುತ್ತದೆ. ದಪ್ಪ ದಾರದ ಎರಡು ಉಂಡೆ ತಂದೆ, ಕಂದು ಬಣ್ಣದ್ದು. ಉಲ್ಲನ್ ಎಂದು ಕರೆದರೂ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅಕ್ರಿಲಿಕ್ಕೇ. ನಾಲ್ಕು ಮಿಲಿಮೀಟರಿನ ಕಡ್ಡಿ. ಮಣಿಕಟ್ಟಿನ ಪಟ್ಟಿಯನ್ನು ಪ್ರತಿ ಮನೆಯ ಹಿಂದಿನ ಎಳೆಯಲ್ಲಿ ಮಾತ್ರ ಕಡ್ಡಿ ತೂರಿಸಿ ಹಾಕಿದರೆ ಏಣು ಬಿದ್ದು ರಬ್ಬರಿನ ಹಾಗೆ ಹಿಗ್ಗುತ್ತದೆ. ಅಲ್ಲಿಂದ ಮೇಲೆ ಸುತ್ತು ಸುತ್ತಾಗಿ ಹೆಣೆಯುತ್ತ ಹೋಗಿ, ಹೆಬ್ಬೆರಳಿನ ಜಾಗ ಬಂದಾಗ ನಾಲ್ಕೈದು ಮನೆ ಬಿಟ್ಟು, ಅಷ್ಟೇ ಉದ್ದದ ಸರಪಳಿ ಹಾಕಿ ದಾಟಿಬಿಡಬೇಕು. ತುದಿಯಲ್ಲಿ ಮನೆ ಕಡಿಮೆ ಮಾಡುತ್ತ ಮುಚ್ಚಬೇಕು. ದಾಟಿ ಬಂದ ಸಂದಿನಲ್ಲಿ ಕೊನೆಗೆ ಹೆಬ್ಬೆರಳು ಹೆಣೆಯಬೇಕು. ಅಮ್ಮ ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಕಲಿಸಿದ ಕೈ ಎಂಟು ಸಂಜೆಯಲ್ಲಿ ಕೆಲಸ ಮುಗಿಸಿತು. ಅಳತೆಗೆ ನನ್ನ ಯಜಮಾನರ ಕೈ ಇಟ್ಟುಕೊಂಡಿದ್ದೆ.

ಕೊಟ್ಟಾಗ ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. ನನಗೆ ಕಣ್ಣು ತುಂಬಿತು.

ಮಾರನೇ ಬೆಳಿಗ್ಗೆ ನೋಡಿದರೆ ಕೈ ಕಂಕುಳಲ್ಲೇ. ಮೂರನೇ ದಿನವೂ ಹಾಗೇ. ಲೋಹ್ರಿ ಹಬ್ಬ ಬಂತು, ಕಾಲನಿಯಲ್ಲಿ ಬೆಂಕಿ ಹಾಕಿ ಕಡಲೆಕಾಯಿ, ರೇವಡಿ ಹಂಚಿದರು. ಕಡಲೆಕಾಯಿಗೆ ಒಡ್ಡಿದ ಅವರ ಕೈ ಬರಿಗೈ. ನನಗೆ ಬೇಜಾರಾಯಿತು. ಬೇಜಾರೇನು ಬಂತು, ಸಿಟ್ಟೇ ಬಂತು ಅನ್ನಿ. ಎಂಟು ಸಂಜೆ ಕೂತು ಮಾಡಿದ್ದು!

ತಡೆಯಲಾರದೆ ಕೇಳಿಯೇ ಬಿಟ್ಟೆ. ಮೊದಲು "ಸಬ್ ಠೀಕ್ ಹೈ ಮೇಡಂ ಜೀ" ಎಂದರು. ಬಿಡದೆ ಕೇಳಿದ ಮೇಲೆ ಮೆಲ್ಲಗೆ ಹೇಳಿದರು. ಬಂದವರ ಹೆಸರನ್ನು ಮೊಬೈಲಿನಲ್ಲಿ ಒತ್ತಬೇಕು, ರಿಜಿಸ್ಟರಿನಲ್ಲಿ ಗಾಡಿ ನಂಬರು ಬರೆಯಬೇಕು, ಗೇಟಿನ ಬೀಗ ತೆಗೆದು ಹಾಕಬೇಕು. ಇದನ್ನು ಹಾಕಿಕೊಂಡರೆ ಯಾವುದೂ ಆಗುವುದಿಲ್ಲ, ನಿಮಿಷಕ್ಕೊಮ್ಮೆ ಕಳಚಬೇಕು. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು: "ಕೈಯದ್ದು ಹೇಗೋ ಆಗತ್ತೆ ಮೇಡಂ ಜೀ, ಈ ಗೂಡಿಗೆ ಒಂದು ಬಾಗಿಲು ಇದ್ದಿದ್ದರೆ."

ಆರು ವರ್ಷದಿಂದ ದಿನಾ ಎರಡು ಸಲ ಆ ಗೂಡಿನ ಮುಂದೆ ಹಾದುಹೋಗಿದ್ದೇನೆ. ಅದಕ್ಕೆ ಬಾಗಿಲಿಲ್ಲ ಎಂಬುದು ನನಗೆ ಕಂಡಿರಲಿಲ್ಲ. ಚಳಿಗಾಲದಲ್ಲಿ ದೆಹಲಿಯ ಗಾಳಿ ಕೆಟ್ಟಾಗ ಜಾರಿಗೆ ಬರುವ ನಿಯಮಗಳಲ್ಲಿ, ಕಾವಲುಗಾರರು ಬೆಂಕಿ ಹಾಕಿಕೊಳ್ಳದಂತೆ ಕಾಲನಿಯವರೇ ಅವರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಬೇಕು ಎಂಬುದೂ ಒಂದು. ನಾವು ಕೊಟ್ಟಿದ್ದೆವು. ಬಾಗಿಲಿಲ್ಲದ ಗೂಡಿನಲ್ಲಿ ಹೀಟರ್ ಬೀದಿಯನ್ನು ಕಾಯಿಸುತ್ತಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕೊಟ್ಟದ್ದು ಯಾರಿಗೆ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನದ ಮೂರು ಬಗೆ ಬರುತ್ತದೆ. ತಕ್ಕ ಜಾಗದಲ್ಲಿ, ತಕ್ಕ ಹೊತ್ತಿನಲ್ಲಿ, ತಕ್ಕವರಿಗೆ, ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ ಎಂದು ಅದರ ಅರ್ಥ. ಮೊದಲ ಮೂರರಲ್ಲಿ ನಾನು ಪಾಸು. ನಾಲ್ಕನೆಯದರಲ್ಲಿ? ದುಡ್ಡು ಬಯಸಿರಲಿಲ್ಲ, ನಿಜ. ಆದರೆ ದಿನಾ ಬೆಳಿಗ್ಗೆ ಅವರ ಕೈಯಲ್ಲಿ ನನ್ನ ಒಳ್ಳೆಯತನವನ್ನು ನೋಡಬೇಕು ಎಂದು ಬಯಸಿದ್ದೆ. ಅದೂ ಒಂದು ಬಾಡಿಗೆಯೇ. ನಮ್ಮ ಶರಣರು ದಾನ ಎನ್ನದೆ ದಾಸೋಹ ಎಂದದ್ದು ಇದಕ್ಕೇ ಇರಬೇಕು. ಅಲ್ಲಿ ಕೊಡುವವನೇ ದಾಸ, ಅವನು ಎತ್ತರದಲ್ಲಿ ನಿಲ್ಲುವಂತಿಲ್ಲ.

ಹಾಗಂತ ಎಲ್ಲವನ್ನೂ ಕೇಳಿಯೇ ಕೊಡಬೇಕೆ? ಕೇಳಿ ಕೊಟ್ಟರೆ ಅದು ಆರ್ಡರ್ ಆಯಿತು, ಉಡುಗೊರೆ ಎಲ್ಲಿ ಬಂತು, ಎಂದು ನನ್ನ ಗೆಳತಿ ವಾದ ಮಾಡಿದಳು. ಅದರಲ್ಲೂ ಹುರುಳಿದೆ. ಆದರೆ ನಾವು ಕೇಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೇಳಿದರೆ ಅವರು ಬಾಗಿಲು ಕೇಳಿಯಾರು! ಬಾಗಿಲಿಗೆ ಸಭೆ ಸೇರಿಸಬೇಕು, ಮನೆ ಮನೆಯಿಂದ ದುಡ್ಡು ಎತ್ತಬೇಕು, ಕಾರ್ಯದರ್ಶಿಯ ಹತ್ತಿರ ನಿಷ್ಠುರ ಆಗಬೇಕು. ಕೈಗವಸಿಗೆ ಅದೇನೂ ಬೇಡ, ಎರಡು ಉಂಡೆ ದಾರ ಸಾಕು.

ಇದೇ ಕ್ರೋಶಾ ಕಡ್ಡಿಯ ಇನ್ನೊಂದು ಕಥೆ ಆಂಧ್ರದ ನರಸಾಪುರದ್ದು. ಅಲ್ಲಿ ಹೊರದೇಶಕ್ಕೆ ಹೋಗುವ ಲೇಸ್ ಹೆಣೆಯುತ್ತಿದ್ದ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯ ಪುಸ್ತಕ 1982ರಲ್ಲಿ ಬಂತು. ದಿನಕ್ಕೆ ಹತ್ತಾರು ಗಂಟೆ ದುಡಿಯುವವರನ್ನು ಕೆಲಸಗಾರರು ಎನ್ನದೆ, ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರು ಎಂದು ಕರೆದದ್ದರಿಂದಲೇ ಅವರ ಕೂಲಿಯನ್ನು ಅಷ್ಟು ಕಡಿಮೆ ಇಡಲು ಸಾಧ್ಯವಾಯಿತು ಎಂದು ಅವರು ತೋರಿಸಿದರು. ಕೆಲಸ ಎಂದರೆ ಲೆಕ್ಕ ಕೊಡಬೇಕು, ಬಿಡುವು ಎಂದರೆ ಕೊಟ್ಟಷ್ಟು ಸಾಕು. ನಾನು ಮಾಡಿದ್ದೂ ಅದನ್ನೇ ಅಲ್ಲವೆ? ಬಾಗಿಲು ಎಂದರೆ ಅವರ ಹಕ್ಕು. ಕೈಗವಸು ಎಂದರೆ ನನ್ನ ಪ್ರೀತಿ. ಹಕ್ಕಿನ ಜಾಗದಲ್ಲಿ ಪ್ರೀತಿಯನ್ನು ಇಟ್ಟು ಕೈ ತೊಳೆದುಕೊಂಡಿದ್ದೆ.

ಮರುದಿನ ಕೈಗವಸನ್ನು ವಾಪಸು ಕೇಳಿ ತಂದೆ. ಕ್ರೋಶಾದ ಒಂದು ಗುಣವೆಂದರೆ ಅದರಲ್ಲಿ ಯಾವಾಗಲೂ ತೆರೆದಿರುವುದು ಒಂದೇ ಕುಣಿಕೆ. ಕೊನೆಯ ಗಂಟು ಬಿಚ್ಚಿ ದಾರ ಎಳೆದರೆ ಸುತ್ತು ಸುತ್ತೇ ಬಿಚ್ಚಿಕೊಂಡು ಬರುತ್ತದೆ. ಅಂಗೈವರೆಗೆ ಬಿಚ್ಚಿದೆ. ಈ ಸಲ ಅವರ ಕೈಯನ್ನು ಹಳೆಯ ಪೇಪರಿನ ಮೇಲೆ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಬಲಗೈ ತೋರುಬೆರಳು ಪೂರ್ತಿ ಮಡಚುವುದಿಲ್ಲ, ಯಾವುದೋ ಕಾಲದ ಪೆಟ್ಟು. ಅದೂ ಆಗಲೇ ಗೊತ್ತಾದದ್ದು. ಬೆರಳಿನ ಅರ್ಧಕ್ಕೆ ನಿಲ್ಲಿಸಿ, ಮೇಲೆ ಮುಚ್ಚಿ ತೆಗೆಯಲು ಒಂದು ಟೋಪಿ ಹಾಕಿ, ಹಿಂದೆ ಗುಂಡಿ ಹಚ್ಚಿದೆ. ಬರೆಯುವಾಗ ಟೋಪಿ ತೆಗೆದು ಗುಂಡಿಗೆ ಸಿಕ್ಕಿಸುವುದು, ಸುಮ್ಮನಿದ್ದಾಗ ಮುಚ್ಚಿಕೊಳ್ಳುವುದು.

ಕಾಲನಿಯ ಸಭೆಯಲ್ಲಿ ಬಾಗಿಲಿನ ಮಾತೆತ್ತಿದೆ. "ಬಾಗಿಲು ಇಟ್ಟರೆ ಮಲಗಿಬಿಡ್ತಾರೆ" ಎಂದರು ಒಬ್ಬರು. ಮುಂದಿನ ತಿಂಗಳು ನೋಡೋಣ ಎಂದರು ಇನ್ನೊಬ್ಬರು. ಬಾಗಿಲು ಬಂದದ್ದು ಫೆಬ್ರವರಿ ಕೊನೆಗೆ, ನಾವು ರಜಾಯಿ ಬಿಸಿಲಿಗೆ ಹಾಕಿ ಒಳಗಿಡುವ ಹೊತ್ತಿಗೆ. "ಮುಂದಿನ ವರ್ಷಕ್ಕಾಯಿತು ಮೇಡಂ ಜೀ" ಎಂದರು ಅವರು. ಕುಹಕವಿರಲಿಲ್ಲ, ಆದರೂ ನನಗೆ ತಾಗಿತು.

ಅಮ್ಮ ಈಗಿಲ್ಲ. ಶಾಲು ಬೀರುವಿನಲ್ಲಿದೆ, ನವಿಲು ಹಳದಿಗಟ್ಟಿದೆ. ದೆಹಲಿಯ ಚಳಿಯನ್ನೇ ಕಾಣದ ಅವಳು ಅದರ ಅಳತೆಯನ್ನು ಎಲ್ಲಿಂದ ತಂದಾಳು? ಹೇಳಬೇಕಿದ್ದವಳು ನಾನು. "ಅಮ್ಮ, ತೂತು ಬೇಡ, ದಪ್ಪ ಉಲ್ಲನ್ನಲ್ಲಿ ಒತ್ತಾಗಿ ಹಾಕು" ಎಂದಿದ್ದರೆ ಬಿಚ್ಚಿ ಇನ್ನೊಂದು ಹಾಕುತ್ತಿದ್ದಳು. ಅವಳಿಗೆ ನೋವಾದೀತು ಎಂದು ಐದು ವರ್ಷ ಸುಳ್ಳು ಹೇಳಿದೆ. ಕೊಡುವವರು ಅಳತೆ ಕೇಳಬೇಕು ಎಂಬುದು ಎಷ್ಟು ನಿಜವೋ, ಪಡೆಯುವವರು ಅಳತೆ ಹೇಳಬೇಕು ಎಂಬುದೂ ಅಷ್ಟೇ ನಿಜ. ಆ ಗೇಟಿನ ಮನುಷ್ಯ, ಕೆಲಸ ಹೋದೀತೆಂಬ ಹೆದರಿಕೆ ಇದ್ದರೂ, ನಿಜ ಹೇಳಿ ನನಗೆ ಒಂದು ಮರ್ಯಾದೆ ಕೊಟ್ಟರು. ಹೆತ್ತ ಅಮ್ಮನಿಗೆ ನಾನು ಅದನ್ನು ಕೊಟ್ಟಿರಲಿಲ್ಲ.