ವಾರಸುದಾರರಿಲ್ಲದ ಮನೆಗಳು

ಗಿರಿನಗರದಲ್ಲಿ ನಮ್ಮ ಮನೆಯ ಪಕ್ಕದ ಹಳೆಯ ಮನೆಯೊಂದನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದರು. ಕಾಂಪೌಂಡಿಗೆ ನಿಲ್ಲಿಸಿದ್ದ ಕಲ್ಲು ಚಪ್ಪಡಿಗಳನ್ನು ಕಿತ್ತು ಒಂದೆಡೆ ಒರಗಿಸಿಟ್ಟಿದ್ದರು. ಕೆಲಸಕ್ಕೆ ಬಂದಿದ್ದವರು ಗಂಗಾವತಿ ಕಡೆಯ ಒಂದು ಕುಟುಂಬ. ಒಂದು ದಿನ ಮಳೆ ಬರುವಂತಾದಾಗ ಅವರಲ್ಲಿ ಹಿರಿಯರೊಬ್ಬರು ಮೂರು ಚಪ್ಪಡಿಗಳನ್ನು ಮಣ್ಣಿನಲ್ಲಿ ಹೂತು ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಒಳಗೆ ಜೋಳದ ಹಿಟ್ಟಿನ ಡಬ್ಬವನ್ನೂ ಪಾತ್ರೆಗಳನ್ನೂ ಇಟ್ಟರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದುದನ್ನು ಕಂಡು ನಕ್ಕರು.

"ನೋಡ್ರಿ ಸಾಹೇಬ್ರ, ಮೋರೇರ ಮನಿ ಆತು."

ಮೋರೇರು ಯಾರು ಎಂದು ಕೇಳಿದೆ. ಅವರ ಸೀಮೆಯ ಗುಡ್ಡದ ಮೇಲೆ ಇಂಥ ಮನೆಗಳು ನೂರಾರು ಇವೆಯಂತೆ. ಕಟ್ಟಿದವರು ಕುಳ್ಳರಂತೆ. ಮೊಣಕಾಲಿನವರೆಗೆ ಕೈ ತೋರಿಸಿ "ಇಷ್ಟಿಷ್ಟ ಮಂದಿ" ಎಂದರು. ಅಷ್ಟು ಚಿಕ್ಕವರು ಅಷ್ಟು ದೊಡ್ಡ ಕಲ್ಲು ಹೇಗೆ ಎತ್ತಿದರು ಎಂದರೆ, "ಅವರ ಕಾಲ ಹಂಗಿತ್ರಿ" ಎಂಬ ಉತ್ತರ ಬಂತು. ಅವರು ಜೀವಮಾನವೆಲ್ಲ ಕಲ್ಲು ಒಡೆದವರು. ಆ ಚಪ್ಪಡಿಗಳನ್ನು ತಂದು ಯಾರೂ ಮನೆಗೆ ಬಳಸುವುದಿಲ್ಲವೇ ಎಂದು ಕೇಳಿದೆ. "ನಾವಂತೂ ಮುಟ್ಟಂಗಿಲ್ರಿ. ಅದು ಅವರ ಮನಿ ಅಲ್ಲೇನ್ರಿ?" ಎಂದರು.

ಹೆದರಿಕೆಯಿಂದ ಹೇಳಿದ ಮಾತಲ್ಲ ಅದು. ಪಕ್ಕದ ಮನೆಯವರ ಬಗ್ಗೆ ಮಾತಾಡಿದಷ್ಟು ಸಹಜವಾಗಿ ಹೇಳಿದರು. ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಚಳಿಗಾಲದಲ್ಲಿ ನಾನು ಹಿರೇಬೆಣಕಲ್ಲಿಗೆ ಹೋದೆ.

ಹಿರೇಬೆಣಕಲ್ಲು ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಊರು. ಊರಾಚೆಯ ಬಂಡೆಗುಡ್ಡಗಳನ್ನು ಏರಿ ಹೋಗುವಾಗ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳು ಕಾಣುತ್ತವೆ. ಮೇಲೆ ತಲುಪಿದರೆ ಒಂದು ಓಣಿಗೆ ಕಾಲಿಟ್ಟಂತೆ ಆಗುತ್ತದೆ. ಎರಡೂ ಕಡೆ ಸಾಲು ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ಮನುಷ್ಯನ ತಲೆಗಿಂತಲೂ ಎತ್ತರ. ಚಪ್ಪಡಿಗಳೇ ಗೋಡೆ, ಚಪ್ಪಡಿಯೇ ಸೂರು. ಗಾರೆಯಿಲ್ಲ, ಮಣ್ಣಿನ ಮೆತ್ತಿಲ್ಲ. ಹಲವು ಮನೆಗಳ ಒಂದು ಗೋಡೆಯಲ್ಲಿ ದುಂಡಗಿನ ಕಿಂಡಿ. ಹತ್ತಿರದಲ್ಲೇ ನೀರು ನಿಲ್ಲುವ ಹೊಂಡ. ಇನ್ನೊಂದು ಬಂಡೆಯ ನೆತ್ತಿಯಲ್ಲಿ ನಗಾರಿಯ ಆಕಾರದ ದೊಡ್ಡ ಗುಂಡು. ಬಡಿದರೆ ಅದರ ಸದ್ದು ದೂರದವರೆಗೆ ಕೇಳಿಸುತ್ತದೆ.

ಇಲ್ಲಿ ಸುಮಾರು 400 ಶಿಲಾ ರಚನೆಗಳಿವೆ. ಇವು ಕಬ್ಬಿಣ ಬಲ್ಲ ಜನ ಕ್ರಿ.ಪೂ. 800ರಿಂದ 200ರವರೆಗಿನ ಕಾಲದಲ್ಲಿ ಸತ್ತವರಿಗಾಗಿ ಕಟ್ಟಿದವು ಎಂದು ವಿದ್ವಾಂಸರು ಹೇಳುತ್ತಾರೆ. ಆ ಜನ ಬದುಕಿದ ನೆಲೆಯ ಗುರುತುಗಳೂ ಸಮೀಪದಲ್ಲಿವೆ. ಮೋರ್ಯ ಎಂಬ ಹೆಸರು ಕೇಳಿ ಅಶೋಕನ ಮೌರ್ಯರೇ ಇವರು ಎನ್ನುವವರುಂಟು. ಆದರೆ ಇಲ್ಲಿನ ಹಳೆಯ ಕಲ್ಲುಗಳು ಮೌರ್ಯರಿಗಿಂತ ನಾಲ್ಕೈದು ಶತಮಾನ ಹಿರಿಯವು.

ಆ ಸೀಮೆ ಒಂದು ಕಾಲಕ್ಕೆ ಹೈದರಾಬಾದ್ ನಿಜಾಮರ ರಾಜ್ಯಕ್ಕೆ ಸೇರಿತ್ತು. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿ ಸುರಪುರದ ಸುತ್ತಮುತ್ತಲ ಇಂಥ ಕಲ್ಮನೆಗಳ ಬಗ್ಗೆ ಬರೆದ. ನಿಜಾಮರ ಪುರಾತತ್ವ ಇಲಾಖೆಯನ್ನು ಕಟ್ಟಿದ ಗುಲಾಂ ಯಜ್ದಾನಿ ದಖ್ಖನಿನ ಇಂಥ ಸಮಾಧಿಗಳ ಮಡಕೆಗಳ ಮೇಲಿನ ಗೀರು ಗುರುತುಗಳನ್ನು ಅಭ್ಯಾಸ ಮಾಡಿದರು. ಅದೇ ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಆದರೆ ಮೋರ್ಯರ ಗುಡ್ಡದ ಚಪ್ಪಡಿಗಳ ಮೇಲೆ ಯಾರ ಹೆಸರೂ ಇಲ್ಲ. ಅವರ ಭಾಷೆ ಯಾವುದು, ದೇವರು ಯಾರು, ಮಕ್ಕಳನ್ನು ಏನೆಂದು ಕರೆದರು, ಯಾವುದೂ ಉಳಿದಿಲ್ಲ. ಉಳಿದದ್ದು ಸತ್ತವರಿಗೆಂದು ಮಾಡಿದ ಮನೆ ಮಾತ್ರ.

ಇಲ್ಲಿ ನನ್ನ ಪ್ರಶ್ನೆ ಹುಟ್ಟುತ್ತದೆ. ನಮಗೆ ಏನೂ ಆಗದ ಸತ್ತವರಿಗೆ ನಾವು ಏನಾದರೂ ಸಲ್ಲಿಸಬೇಕೆ?

ನಮ್ಮ ನಾಡಿನಲ್ಲಿ ಈಗ ಹಳೆಯ ಕಲ್ಲೊಂದು ಕಂಡರೆ ಮೊದಲು ಏಳುವ ಪ್ರಶ್ನೆ, ಇದು ಯಾರದು ಎಂಬುದು. ಕೇಳುವವನ ದನಿಯಲ್ಲೇ ಉತ್ತರವೂ ಇರುತ್ತದೆ. ಕೆಳಗಿನ ಕಲ್ಲು ನಮ್ಮದು, ಮೇಲಿನದು ನಿಮ್ಮದು ಎಂದು ಕೋರ್ಟುಗಳವರೆಗೆ ಹೋಗುತ್ತೇವೆ. ಬೇರೆಯವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮಕ್ಕಳನ್ನು ಬಿಜಾಪುರದ ಗೋಳಗುಮ್ಮಟಕ್ಕೆ, ಶ್ರೀರಂಗಪಟ್ಟಣದ ಗುಂಬಜಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸುತ್ತೇವೆ. ಮಿನಾರು ಇಲ್ಲದ ಇತಿಹಾಸ ನಮಗೂ ಬೇಡ. ಮೋರ್ಯರ ಮನೆಗಳಿಗೆ ಜಗಳವಾಡುವವರಿಲ್ಲ. ಹಾಗಾಗಿ ಕಾಯುವವರೂ ಕಡಿಮೆ. 1955ರಿಂದ ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಆದರೂ ನಿಧಿಯಾಸೆಗೆ ಉರುಳಿಸಿದ ಚಪ್ಪಡಿಗಳು ಅಲ್ಲಿ ಬಿದ್ದಿವೆ. ಅದಕ್ಕೂ ಹಿಂದಿನ ಕಾಲದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ, ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಳು ಅಂಚಿನಿಂದ ತಿನ್ನುತ್ತ ಬಂದವು.

ಕಲ್ಲು ತನ್ನವರನ್ನು ಕಳೆದುಕೊಂಡ ಮೇಲೂ ಬೇರೆಯವರ ಬಾಯಲ್ಲಿ ಉಳಿಯುವ ಬಗೆಗೆ ದೂರದ ಉದಾಹರಣೆಯೊಂದಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನಿಗೆ ಸೇರಿದ ಮಿನೋರ್ಕಾ ಎಂಬ ದ್ವೀಪವಿದೆ. ಅಲ್ಲಿಯೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪ್ರಾಚೀನ ಊರುಗಳೂ ಗೋಪುರಗಳೂ ಇವೆ. 2023ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಗೋಪುರಗಳನ್ನು ಅಲ್ಲಿನವರು ತಲಯೋತ್ ಎನ್ನುತ್ತಾರೆ. ಕಾವಲು ಗೋಪುರ ಎಂಬರ್ಥದ ಈ ಮಾತಿನ ಬೇರು ಅರಬ್ಬಿ. ನಾವು ಉರ್ದು ಶಾಲೆಯಲ್ಲಿ ಕಲಿತ 'ಇತ್ತಿಲಾ' (ಸುದ್ದಿ), 'ತುಲೂ' (ಸೂರ್ಯ ಹುಟ್ಟುವುದು) ಎಂಬ ಮಾತುಗಳ ಬೇರೂ ಅದೇ. ಸುಮಾರು ನಾಲ್ಕು ಶತಮಾನ ಆ ದ್ವೀಪ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ತೋರೆ ದೆನ್ ಗಲ್ಮೆಸ್ ಎಂಬ ಪ್ರಾಚೀನ ಕಲ್ಲೂರಿನ ಪಾಳುಗಳ ನಡುವೆಯೇ ಮುಸ್ಲಿಂ ರೈತ ಕುಟುಂಬಗಳು ಮನೆ ಮಾಡಿಕೊಂಡಿದ್ದವು. 1287ರಲ್ಲಿ ಅರಗಾನಿನ ರಾಜ ದ್ವೀಪವನ್ನು ಗೆದ್ದಾಗ ಅವರಲ್ಲಿ ಬಹುಮಂದಿ ಗುಲಾಮರಾಗಿ ಮಾರಾಟವಾದರು. ಇಂದು ಆ ಪ್ರಾಚೀನರ ಗೋಪುರಗಳ ಜೊತೆಗೆ ಈ ಮುಸ್ಲಿಂ ರೈತರ ಮನೆಗಳ ತಳಪಾಯವನ್ನೂ ಅಗೆದು, ಗುರುತಿಸಿ ಕಾಪಾಡಿರುವವರು ಇಬ್ಬರ ನೇರ ವಾರಸುದಾರರೂ ಅಲ್ಲದ ಜನ. ತಮ್ಮ ಪಾಲಿಗೆ ಬಂದ ನೆಲದಲ್ಲಿ ಸಿಕ್ಕದ್ದಕ್ಕೆ ತಾವು ಹೊಣೆ ಎಂದುಕೊಂಡರು, ಅಷ್ಟೇ.

ಪಾಳುಬಿದ್ದ ಊರು ಕಂಡಾಗ ನಮ್ಮ ಹಿರಿಯರು 'ಇಬ್ರತ್' ಎನ್ನುತ್ತಿದ್ದರು. ನೋಡಿ ಪಾಠ ಕಲಿ ಎಂದರ್ಥ. ಸೊಕ್ಕಿದ ಜನಾಂಗಗಳು ಅಳಿದವು, ನೀನು ಸೊಕ್ಕಬೇಡ ಎಂಬ ಎಚ್ಚರಿಕೆ. ಅದು ಬೇಕಾದ ಎಚ್ಚರಿಕೆಯೇ. ಆದರೆ ಹಿರೇಬೆಣಕಲ್ಲಿನಲ್ಲಿ ನಿಂತಾಗ ನನಗೆ ಸೊಕ್ಕಿನ ಗುರುತು ಕಾಣಲಿಲ್ಲ. ಅರಮನೆಯಿಲ್ಲ, ಕೋಟೆಯಿಲ್ಲ. ಅಳಿದವರೆಲ್ಲ ಶಿಕ್ಷೆಗೊಳಗಾದವರೆಂದು ಭಾವಿಸಿದರೆ ಉಳಿದ ನಾವೆಲ್ಲ ಪುಣ್ಯವಂತರೆಂದು ಹೇಳಿಕೊಂಡಂತೆ. ಅವರು ಪೂರ್ತಿ ಅಳಿದರೆನ್ನುವುದೂ ಸರಿಯಲ್ಲ. ಅವರ ರಕ್ತ ಇಂದು ಆ ಸೀಮೆಯ ನಾಯಕರ ಕೇರಿಯಲ್ಲಿ ಹರಿಯುತ್ತಿರಬಹುದು, ಕುರುಬರ ಹಟ್ಟಿಯಲ್ಲಿ, ಮುಸಲ್ಮಾನರ ಓಣಿಯಲ್ಲಿ ಹರಿಯುತ್ತಿರಬಹುದು. ಹೆಸರು ಮರೆತಿದೆ, ಅಷ್ಟೇ.

ಮರೆಯಲು ಎರಡೂವರೆ ಸಾವಿರ ವರ್ಷ ಬೇಕಿಲ್ಲ. ನನ್ನ ದಾದಾ ತೀರಿಕೊಂಡಾಗ ನಾನು ಆರನೆಯ ತರಗತಿಯಲ್ಲಿದ್ದೆ. ಅಬ್ಬಾ ನನ್ನ ಕೈಯಿಂದಲೂ ಮೂರು ಹಿಡಿ ಮಣ್ಣು ಹಾಕಿಸಿದ್ದರು. ಮಣ್ಣಿನ ಕಬರು, ಮೇಲೆ ಕಲ್ಲಿಲ್ಲ, ಬರಹವಿಲ್ಲ. ಅಬ್ಬಾ ಹೋದ ಮೇಲೆ ಒಂದು ಶಬೆಬರಾತಿನ ರಾತ್ರಿ ದಾದಾನ ಕಬರನ್ನು ಹುಡುಕಿದೆ, ಸಿಗಲಿಲ್ಲ. ಬೇವಿನ ಮರದ ಬಲಕ್ಕೆ ಎಂಬ ಗುರುತಿತ್ತು, ಮರವೇ ಇರಲಿಲ್ಲ. ಆ ಜಾಗದಲ್ಲಿ ಬೇರೆ ಯಾರೋ ಮಲಗಿದ್ದರು. ಸುಮ್ಮನೆ ಅಲ್ಲಿದ್ದವರಿಗೆಲ್ಲ ಫಾತಿಹಾ ಓದಿ ಬಂದೆ. ನಲವತ್ತು ವರ್ಷದೊಳಗೆ ನಮ್ಮ ದಾದಾ ಕೂಡ ಮೋರ್ಯರಾಗಿದ್ದರು.

ವಾರಸುದಾರರಿಲ್ಲದ ಹೆಣವನ್ನು ನಾವು ಲಾವಾರಿಸ್ ಎನ್ನುತ್ತೇವೆ. ಅಂಥ ಹೆಣ ಮೊಹಲ್ಲಾದಲ್ಲಿ ಸಿಕ್ಕರೆ ಗುಸುಲ್, ಕಫನ್, ದಫನ್ ಯಾರ ಕೆಲಸ? ಇದಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ 'ಫರ್ಝೆ ಕಿಫಾಯಾ' ಎಂಬ ಮಾತಿದೆ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಶಾಸ್ತ್ರ ಹೇಳುವುದು ಮುಸ್ಲಿಮನ ಜನಾಝಾದ ಬಗ್ಗೆ ಎಂದು ಮೌಲ್ವಿಗಳು ತಿದ್ದಬಹುದು. ನಾನು ಫತ್ವಾ ಕೊಡುತ್ತಿಲ್ಲ. ಆದರೆ ಯಹೂದಿಯೊಬ್ಬನ ಶವಯಾತ್ರೆ ಹಾದುಹೋಗುವಾಗ ಪ್ರವಾದಿಯವರು ಎದ್ದು ನಿಂತದ್ದು, ಅವನು ನಮ್ಮವನಲ್ಲ ಎಂದವರಿಗೆ ಅವನೂ ಒಂದು ಜೀವವಲ್ಲವೇ ಎಂದು ಕೇಳಿದ್ದು ನಾವೆಲ್ಲ ಬಾಲ್ಯದಲ್ಲೇ ಕೇಳಿದ ಸಂಗತಿ. ಎದ್ದು ನಿಲ್ಲಲು ನೆಂಟಸ್ತಿಕೆ ಬೇಕಿರಲಿಲ್ಲ.

ಬದುಕಿರುವವರಿಗೇ ಸೂರಿಲ್ಲದಾಗ ಸತ್ತವರ ಕಲ್ಲಿನ ಚಿಂತೆ ಏಕೆ ಎಂದು ಕೇಳಬಹುದು. ಇದು ಹಗುರವಾದ ಆಕ್ಷೇಪವಲ್ಲ. ಆದರೆ ಕಲ್ಲು ಒಡೆದು ಹೊಟ್ಟೆ ಹೊರೆಯುವ, ಬೆಂಗಳೂರಿನಲ್ಲಿ ಸ್ವಂತ ಸೂರಿಲ್ಲದ ಮನುಷ್ಯನೇ ನನಗೆ ಆ ಗೆರೆಯನ್ನು ತೋರಿಸಿದ್ದು. ಇರುವ ಮನೆಗಳನ್ನು ಗೌರವಿಸಲು ಬಾರದವರು ಇಲ್ಲದವರಿಗೆ ಮನೆ ಕಟ್ಟಿಕೊಟ್ಟ ಉದಾಹರಣೆಯನ್ನು ನಾನಂತೂ ಕಂಡಿಲ್ಲ. ಗುಡ್ಡದ ನಿಧಿಗಳ್ಳನಿಗೂ ಬಡವರ ಗುಡಿಸಲು ಕಿತ್ತುಹಾಕುವವನಿಗೂ ಇರುವುದು ಒಂದೇ ನಂಬಿಕೆ: ಕೇಳುವವರಿಲ್ಲ.

ಪಕ್ಕದ ಮನೆ ಈಗ ಮೂರು ಅಂತಸ್ತು ಎದ್ದಿದೆ. ಗಂಗಾವತಿಯ ಆ ಕುಟುಂಬ ಬೇರೆ ಕೆಲಸ ಹುಡುಕಿ ಹೋಯಿತು. ಹೋಗುವ ಮುನ್ನ ಆ ಹಿರಿಯರು ತಮ್ಮ ಮೋರೇರ ಮನೆಯನ್ನು ತಾವೇ ಬಿಚ್ಚಿ, ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಅದರಲ್ಲಿ ಒಂದನ್ನು ಮೇಸ್ತ್ರಿ ನಮ್ಮ ಮುಂದಿನ ಚರಂಡಿಗೆ ಹಾಸಿದ್ದಾನೆ. ದಿನವೂ ಅದನ್ನು ದಾಟಿಯೇ ಹೊರಗೆ ಹೋಗುತ್ತೇನೆ. ದಾಟುವಾಗ ಒಮ್ಮೊಮ್ಮೆ ಅವರ ಪ್ರಶ್ನೆ ಕೇಳಿಸುತ್ತದೆ: ಅದು ಅವರ ಮನಿ ಅಲ್ಲೇನ್ರಿ? ಹೌದು ಎನ್ನಲು ಅವರು ಯಾರೆಂದು ತಿಳಿದಿರಬೇಕಾಗಿಲ್ಲ.