ಎಂಟನೆಯ ಹೆಜ್ಜೆ

ಅಗ್ನಿಸಾಕ್ಷಿಯಾಗಿ ಏಳು ಹೆಜ್ಜೆಗಳನ್ನಿಟ್ಟ ವಧೂವರರು ದಂಪತಿಗಳಾದರೆಂದು ಧರ್ಮಶಾಸ್ತ್ರಕಾರರು ನಿರ್ಣಯಿಸಿದ್ದಾರೆ. 1955ರ ಹಿಂದೂ ವಿವಾಹದ ಕಾನೂನೂ ಸಪ್ತಪದಿಯುಳ್ಳ ವಿವಾಹವು ಏಳನೆಯ ಹೆಜ್ಜೆಯೊಡನೆ ಪೂರ್ಣವಾಗುವುದೆಂದು ವಿಧಿಸಿದೆ. ಆ ಮೇಲೆ ಬಂಧುಗಳಾಗಲಿ ಪುರೋಹಿತರಾಗಲಿ ಆ ಸಂಬಂಧವನ್ನು ಪರೀಕ್ಷಿಸತಕ್ಕ ಕಾರಣವಿಲ್ಲ. ಆದರೆ ದಂಪತಿಗಳಲ್ಲಿ ಒಬ್ಬರು ಪರದೇಶದಲ್ಲಿ ನೆಲಸಿರುವಾಗ ಎಂಟನೆಯ ಹೆಜ್ಜೆಯೊಂದು ಉಳಿದುಕೊಳ್ಳುತ್ತದೆ. ಅದನ್ನು ಇಡಬೇಕಾದುದು ಪರರಾಜ್ಯದ ದೂತಾವಾಸದ ಕಿಟಕಿಯ ಮುಂದೆ. ಅದು ಯಾವಾಗ ಮುಗಿಯುವುದೆಂದು ಯಾವ ಪಂಚಾಂಗವೂ ಹೇಳಲಾರದು. ಇಂದು ಬೆಂಗಳೂರು ಮೈಸೂರುಗಳಲ್ಲಿ ಮಾತ್ರವಲ್ಲ, ಸಣ್ಣ ಊರುಗಳ ಮನೆಗಳಲ್ಲಿಯೂ ಈ ಹೆಜ್ಜೆಗಾಗಿ ಕಾದಿರುವ ಸೊಸೆಯರೂ ಹೆಣ್ಣುಮಕ್ಕಳೂ ಇದ್ದಾರೆ. ಹೆಂಡತಿಯ ಬಳಿಗೆ ಹೋಗಲು ಕಾದಿರುವ ಗಂಡಂದಿರೂ ಇಲ್ಲದಿಲ್ಲ. ಹೀಗಿರಲಾಗಿ ಈ ಕಾಯುವಿಕೆಯನ್ನು ಬರಿಯ ಕಚೇರಿಯ ವ್ಯವಹಾರವೆಂದು ಬಿಡದೆ, ಇದರಲ್ಲಿರುವ ಧರ್ಮದ ಪ್ರಶ್ನೆಯನ್ನು ವಿಚಾರಿಸುವುದು ಉಚಿತ. ಇಬ್ಬರು ಒಂದಾಗಿ ಬಾಳುವುದಕ್ಕೆ ರಾಜ್ಯದ ಅಪ್ಪಣೆ ಏಕೆ ಬೇಕು? ಬೇಕಾದರೆ, ಅದರ ಭಾರವನ್ನು ಯಾರು ಹೊರಬೇಕು?

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೌರನಾದವನು ತನ್ನ ಹೆಂಡತಿಗಾಗಿ ಅರ್ಜಿ ಸಲ್ಲಿಸಿದರೆ ಅದಕ್ಕೆ ವಾರ್ಷಿಕ ಸಂಖ್ಯಾಮಿತಿಯಿಲ್ಲ; ಆದರೂ ಅರ್ಜಿಯ ಪರಿಶೀಲನೆ, ಹಣಕಾಸಿನ ಹೊಣೆಪತ್ರ, ವೈದ್ಯಪರೀಕ್ಷೆ, ಸಂದರ್ಶನ ಎಂಬ ಮೆಟ್ಟಲುಗಳನ್ನು ಹತ್ತಬೇಕು. ಅಲ್ಲಿ ಖಾಯಂ ವಾಸದ ಹಕ್ಕು ಮಾತ್ರ ಉಳ್ಳವನ ಹೆಂಡತಿಯಾದರೆ, ವರ್ಷಕ್ಕೆ ಇಷ್ಟೇ ಎಂದು ಮಿತಿಯಿರುವ ಸಾಲಿನಲ್ಲಿ ನಿಲ್ಲಬೇಕು. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೆ ಇರುವವನ ಹೆಂಡತಿಗೆ ಎಚ್-4 ಎಂಬ ಅವಲಂಬಿತ ವೀಸಾ ಉಂಟು. ಅದು ಗಂಡನ ಬಳಿಗೆ ಹೋಗಲು ಹತ್ತಿರದ ದಾರಿ. ಆದರೆ ಆ ದಾರಿಯಲ್ಲಿ ಹೋದವಳು ಅಲ್ಲಿ ದುಡಿಯುವಂತಿಲ್ಲ ಎಂಬುದೇ ಬಹುಕಾಲದ ನಿಯಮವಾಗಿತ್ತು. ಗಂಡನ ಖಾಯಂ ವಾಸದ ಅರ್ಜಿಯು ಒಂದು ಘಟ್ಟವನ್ನು ದಾಟಿದ್ದರೆ ಉದ್ಯೋಗಕ್ಕೆ ಅನುಮತಿ ಕೇಳಬಹುದೆಂದು 2015ರ ಮೇ ತಿಂಗಳಲ್ಲಿ ಕೆಲವರಿಗೆ ಮಾತ್ರ ಅವಕಾಶವಾಯಿತು. ಇನ್ನು ವಿವಾಹವಾಗಿ ಎರಡು ವರ್ಷ ತುಂಬುವ ಮೊದಲೇ ಪೌರನ ಪತ್ನಿಯಾಗಿ ಅಲ್ಲಿಗೆ ಸೇರಿದವಳಿಗೆ ದೊರೆಯುವುದು ಎರಡು ವರ್ಷಗಳ ಷರತ್ತಿನ ವಾಸ; ಅದು ಮುಗಿಯುವಾಗ ದಾಂಪತ್ಯವು ನಿಜವಾದುದೆಂದು ಮತ್ತೊಮ್ಮೆ ತೋರಿಸಿಕೊಡಬೇಕು.

ಇಂಗ್ಲೆಂಡಿನ ಬಗೆ ಬೇರೆ. ಅಲ್ಲಿ 2010ರ ನವೆಂಬರಿನಿಂದ ಸಂಗಾತಿಯ ವೀಸಾ ಬೇಡುವವರಿಗೆ ಆಂಗ್ಲಭಾಷೆಯ ಪರೀಕ್ಷೆ ಬಂದಿತು. 2012ರ ಜುಲೈಯಲ್ಲಿ, ಕರೆಯಿಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡುಗಳ ಆದಾಯ ಇರತಕ್ಕದ್ದೆಂದು ವಿಧಿಯಾಯಿತು; 2024ರ ಏಪ್ರಿಲಿನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಡೆನ್ಮಾರ್ಕ್ ದೇಶವು 2002ರಲ್ಲಿ, ದಂಪತಿಗಳಿಬ್ಬರಿಗೂ 24 ವರ್ಷ ತುಂಬಿರಬೇಕೆಂದು ನಿಯಮಿಸಿತು. ನಮ್ಮ ದೇಶವೂ ಬಾಗಿಲನ್ನು ಹಾರುಹೊಡೆದು ಕುಳಿತಿಲ್ಲ. ಭಾರತೀಯರನ್ನು ಮದುವೆಯಾದ ವಿದೇಶೀಯರು ಸಾಗರೋತ್ತರ ನಾಗರಿಕರೆಂಬ ಚೀಟಿಯನ್ನು ಬೇಡಬೇಕಾದರೆ ವಿವಾಹವು ನೋಂದಣಿಯಾಗಿ ಎರಡು ವರ್ಷ ಅವಿಚ್ಛಿನ್ನವಾಗಿ ನಡೆದಿರಬೇಕು. ಪೌರತ್ವ ಬೇಕಾದರೆ ಇಲ್ಲಿ ಏಳು ವರ್ಷ ವಾಸಿಸಿರಬೇಕು. ಆದುದರಿಂದ ಈ ವಿಷಯದಲ್ಲಿ ಅನ್ಯರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಈಗ ಪೂರ್ವಪಕ್ಷವನ್ನು ಕೇಳೋಣ. ರಾಜ್ಯವೆಂಬುದು ಒಂದು ಮನೆಯಂತೆ. ಬಾಗಿಲು ತಟ್ಟಿದವರು ಯಾರೆಂದು ವಿಚಾರಿಸುವುದು ಮನೆಯೊಡೆಯನ ಕರ್ತವ್ಯ. ಪ್ರವೇಶಕ್ಕಾಗಿ ಮದುವೆಯ ವೇಷ ಹಾಕುವವರುಂಟು. ಹಣ ಕೊಟ್ಟು ವರನನ್ನು ಕೊಳ್ಳುವವರುಂಟು. ಆದುದರಿಂದ ಪರೀಕ್ಷೆಯು ಅವಮಾನವಲ್ಲ, ಅವಶ್ಯಕ. ಈ ವಾದದಲ್ಲಿ ಹುರುಳಿದೆ. ಕಾಳಿದಾಸನ ಶಾಕುಂತಲವನ್ನು ಓದಿದವರು ದುಷ್ಯಂತನನ್ನು ಸುಲಭವಾಗಿ ಬೈಯುತ್ತಾರೆ. ಆದರೆ ಶಾಪದಿಂದ ನೆನಪು ಮಾಸಿದ ಅರಸನ ಸಭೆಗೆ ಅಪರಿಚಿತಳೊಬ್ಬಳು ಬಂದು ತಾನು ಪತ್ನಿಯೆಂದಾಗ, ಆತನು ಗುರುತು ಕೇಳಿದುದರಲ್ಲಿ ತಪ್ಪೇನು? ಕೇಳದೆ ಅಂಗೀಕರಿಸುವವನು ಧರ್ಮಭೀರುವಾದ ದೊರೆಯಾಗಲಾರನು.

ಆದರೆ ಅದೇ ಅಂಕವು ಮತ್ತೊಂದು ಪಾಠವನ್ನೂ ಹೇಳುತ್ತದೆ. ಉಂಗುರವು ಕಾಣದಾದಾಗ ಶಕುಂತಲೆಯು ಆಶ್ರಮದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ನೆನಪಿಸುತ್ತಾಳೆ: ಜಿಂಕೆಯ ಮರಿಯು ಅರಸನ ಕೈಯಿಂದ ನೀರು ಕುಡಿಯದೆ ತನ್ನ ಕೈಯಿಂದ ಕುಡಿದುದನ್ನು ಹೇಳುತ್ತಾಳೆ. ದಾಂಪತ್ಯದ ನಿಜವಾದ ಸಾಕ್ಷ್ಯವೆಂದರೆ ಇಂಥ ಅಲ್ಪವೂ ಆಪ್ತವೂ ಆದ ನೆನಪುಗಳೇ. ಅರಸನು ಅದನ್ನು ಹೆಂಗಸರ ಜಾಣ್ಮೆಯೆಂದು ತಳ್ಳಿಬಿಡುತ್ತಾನೆ. ಕೊನೆಗೆ ಸತ್ಯವನ್ನು ಸ್ಥಾಪಿಸಿದುದು ಮೀನಿನ ಹೊಟ್ಟೆಯಿಂದ ಬಂದ ಉಂಗುರ. ಅದನ್ನು ತಂದ ಬೆಸ್ತನಿಗೆ ಮೊದಲು ದೊರೆತುದು ಕಾವಲುಗಾರರ ಪೆಟ್ಟು. ಇಂದಿನ ಸಂದರ್ಶನದಲ್ಲಿಯೂ ಹೀಗೆಯೇ. ಅಧಿಕಾರಿಯು ನೆನಪುಗಳನ್ನು ಕೇಳುತ್ತಾನೆ, ಆದರೆ ನಂಬುವುದು ಬಹುಮಟ್ಟಿಗೆ ಮುದ್ರೆಗಳನ್ನು: ಫೋಟೋ, ಬ್ಯಾಂಕಿನ ಲೆಕ್ಕ, ಟೆಲಿಫೋನಿನ ದಾಖಲೆ, ನೋಂದಣಿಪತ್ರ. ಮುದ್ರೆಯನ್ನು ಕೇಳುವುದು ದೋಷವಲ್ಲ. ಮುದ್ರೆಯಿಲ್ಲದ್ದೆಲ್ಲ ಸುಳ್ಳೆಂದು ಮೊದಲೇ ನಿಶ್ಚಯಿಸುವುದು ದೋಷ. ಪ್ರಮಾಣವು ಪ್ರಮೇಯವನ್ನು ತೋರಿಸುವುದಕ್ಕಾಗಿ ಇದೆಯೇ ಹೊರತು, ಪ್ರಮಾಣವಿಲ್ಲವೆಂಬುದರಿಂದ ಪ್ರಮೇಯವೇ ಇಲ್ಲವೆಂದು ಹೇಳುವುದಕ್ಕಲ್ಲ.

ರಾಜ್ಯಗಳು ಈ ದೋಷಕ್ಕೆ ಹೇಗೆ ಬೀಳುತ್ತವೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. 1913ರ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಎಂಬವರು, ಗಂಡನ ಬಳಿಗೆ ಬಂದ ಭಾರತೀಯ ಮುಸಲ್ಮಾನ ಸ್ತ್ರೀಯೊಬ್ಬಳ ಮೊಕದ್ದಮೆಯಲ್ಲಿ, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಿಂದ ನಡೆದ ಮದುವೆಗೆ ಆ ದೇಶದ ಕಾನೂನಿನಲ್ಲಿ ಮಾನ್ಯತೆಯಿಲ್ಲವೆಂದು ತೀರ್ಪಿತ್ತರು. ಒಂದು ದಿನದಲ್ಲಿ ಸಾವಿರಾರು ಹಿಂದೂ ಮುಸಲ್ಮಾನ ಗೃಹಿಣಿಯರು ಕಾನೂನಿನ ದೃಷ್ಟಿಯಲ್ಲಿ ಪತ್ನಿಯರಲ್ಲದೆ ಹೋದರು. ಕಸ್ತೂರಬಾ ಅವರೇ ಮೊದಲಾದ ಸ್ತ್ರೀಯರು ಆ ವರ್ಷದ ಸೆಪ್ಟೆಂಬರಿನಲ್ಲಿ ಸತ್ಯಾಗ್ರಹಕ್ಕೆ ಇಳಿದು ಕಠಿನ ಸಜೆಯನ್ನು ಅನುಭವಿಸಿದುದಕ್ಕೆ ಈ ತೀರ್ಪು ಒಂದು ಮುಖ್ಯ ಕಾರಣ. 1914ರ ಭಾರತೀಯರ ಪರಿಹಾರ ಕಾನೂನಿನಿಂದ ಏಕಪತ್ನೀಕ ವಿವಾಹಗಳಿಗೆ ಮಾನ್ಯತೆ ದೊರೆಯಿತು. ಕೆನಡಾ ದೇಶದಲ್ಲಿ ನೆಲಸಿದ್ದ ಭಾರತೀಯರಿಗೆ ಹೆಂಡಿರುಮಕ್ಕಳನ್ನು ಕರೆಯಿಸಿಕೊಳ್ಳಲು ಅಪ್ಪಣೆಯಾದುದು 1919ರಲ್ಲಿ. ಅಮೆರಿಕವು 1917ರಲ್ಲಿ ಏಷ್ಯದ ಬಹುಭಾಗಕ್ಕೆ ಬಾಗಿಲು ಮುಚ್ಚಿದ ಮೇಲೆ, ಕ್ಯಾಲಿಫೋರ್ನಿಯದ ಹೊಲಗಳಲ್ಲಿದ್ದ ಪಂಜಾಬಿನ ರೈತರಲ್ಲಿ ಅನೇಕರು ಊರಿನ ಹೆಂಡತಿಯನ್ನು ಮತ್ತೆ ಕಾಣಲಿಲ್ಲ. ಕೆಲವರು ಮೆಕ್ಸಿಕೋ ಮೂಲದ ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದರು. ಆ ಊರಿನ ಹೆಂಡಂದಿರ ಕಾಯುವಿಕೆಗೆ ಕೊನೆಯೇ ಇರಲಿಲ್ಲ.

ಈಚಿನ ಕಾಲದಲ್ಲಿಯೂ ಇಂಥದೇ ಒಂದು ವಿಚಿತ್ರವುಂಟು. 1980ರ ದಶಕದಲ್ಲಿ ಇಂಗ್ಲೆಂಡಿನವರು, ಮದುವೆಯ ಮುಖ್ಯ ಉದ್ದೇಶವು ಆ ದೇಶವನ್ನು ಸೇರುವುದಲ್ಲವೆಂದು ಅರ್ಜಿದಾರನೇ ಸಾಧಿಸಬೇಕೆಂಬ ನಿಯಮವನ್ನು ನಡೆಸಿದರು. ಅದು 1997ರಲ್ಲಿ ರದ್ದಾಯಿತು. ಮನಸ್ಸಿನಲ್ಲಿ ಇಲ್ಲದುದನ್ನು ಇಲ್ಲವೆಂದು ಸಾಧಿಸುವುದು ಹೇಗೆ? ಅಭಾವವನ್ನು ಪ್ರಮಾಣದಿಂದ ತೋರಿಸುವ ಕಷ್ಟವನ್ನು ನ್ಯಾಯಶಾಸ್ತ್ರ ಓದಿದ ಯಾವ ವಿದ್ಯಾರ್ಥಿಯಾದರೂ ಬಲ್ಲನು. 1985ರಲ್ಲಿ ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯವು, ಗಂಡಂದಿರನ್ನು ಕರೆಯಿಸಿಕೊಳ್ಳುವ ಸ್ತ್ರೀಯರಿಗೆ ಇಂಗ್ಲೆಂಡಿನಲ್ಲಿ ಭೇದ ತೋರಿಸಲಾಗಿದೆಯೆಂದು ತೀರ್ಮಾನಿಸಿತು. ಸರಕಾರವು ಭೇದವನ್ನು ನೀಗಿದುದು ಹೇಗೆಂದರೆ, ಸ್ತ್ರೀಯರಿಗಿದ್ದ ಕಷ್ಟವನ್ನು ಪುರುಷರಿಗೂ ಹಂಚಿ! ಸಮತ್ವವೆಂಬುದು ನ್ಯಾಯದ ಒಂದು ಅಂಗವೇ ಹೊರತು ನ್ಯಾಯದ ಸರ್ವಸ್ವವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಆದಾಯದ ಪರೀಕ್ಷೆಯನ್ನೂ ಹೀಗೆಯೇ ತೂಗಿ ನೋಡಬೇಕು. ಬಂದವರು ಪ್ರಜೆಗಳಿಗೆ ಹೊರೆಯಾಗಬಾರದೆಂಬ ಉದ್ದೇಶ ಸಾಧುವಾದುದು. ಆದರೆ ಒಂದೇ ಬೀದಿಯ ಇಬ್ಬರಲ್ಲಿ ಹೆಚ್ಚು ಸಂಬಳದವನು ಹೆಂಡತಿಯೊಡನೆ ಬಾಳುವನು, ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುವ ಕಡಮೆ ಸಂಬಳದವನು ಒಂಟಿಯಾಗಿರುವನು ಎಂದಾದರೆ, ಅಲ್ಲಿ ಅಳೆದುದು ದಾಂಪತ್ಯವನ್ನಲ್ಲ. ಬಡವನ ಮದುವೆಯೂ ಮದುವೆಯೇ.

ಇಷ್ಟು ಹೇಳಿದ ಮೇಲೆ ಸರಕಾರಗಳ ದೋಷದೊಂದಿಗೆ ವಿಚಾರ ಮುಗಿಯಿತೆಂದು ಕೆಲವರು ಭಾವಿಸಬಹುದು. ಹಾಗಲ್ಲ. ಸ್ಟ್ರಾಸ್‌ಬರ್ಗಿನ ಅದೇ ತೀರ್ಪಿನಲ್ಲಿ ಮತ್ತೊಂದು ಮಾತುಂಟು: ದಂಪತಿಗಳು ತಾವು ಮೆಚ್ಚಿದ ದೇಶದಲ್ಲಿಯೇ ಸಂಸಾರ ಹೂಡುವಂತೆ ಮಾಡಿಕೊಡಬೇಕೆಂಬ ಸಾಮಾನ್ಯವಾದ ಬಾಧ್ಯತೆಯು ರಾಜ್ಯಕ್ಕಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ 2024ರ ಜೂನಿನಲ್ಲಿ, ವಿದೇಶೀಯ ಸಂಗಾತಿಯನ್ನು ಒಳಕ್ಕೆ ಬಿಡಿಸಿಕೊಳ್ಳುವುದು ಪೌರನ ಮೂಲಭೂತವಾದ ಹಕ್ಕಲ್ಲವೆಂದು ಬಹುಮತದಿಂದ ತೀರ್ಮಾನಿಸಿತು. ಈ ಮಾತುಗಳು ಕಠಿನವಾದರೂ ಅವುಗಳ ಹಿಂದೆ ಅಡಗಿರುವ ಪ್ರಶ್ನೆಯಿಂದ ಗೃಹಸ್ಥರು ತಪ್ಪಿಸಿಕೊಳ್ಳಕೂಡದು: ಅವಳು ಅಲ್ಲಿಗೆ ಹೋಗಲಾಗದಿದ್ದರೆ ಅವನು ಇಲ್ಲಿಗೆ ಬರಬಾರದೇಕೆ?

ಬಹುಮಂದಿಯ ಮನೆಗಳಲ್ಲಿ ಈ ಪ್ರಶ್ನೆಯು ಹುಟ್ಟುವುದೇ ಇಲ್ಲ. ಹತ್ತು ವರ್ಷ ಓದಿಸಿ ಉದ್ಯೋಗವನ್ನು ಸಂಪಾದಿಸಿಕೊಂಡ ಕನ್ಯೆಯು ರಾಜೀನಾಮೆ ಕೊಟ್ಟು ವೀಸಾಕ್ಕಾಗಿ ಕೂರುವುದು ಸಹಜವೆಂದೂ, ವರನು ಮರಳಿ ಬರುವುದು ಸೋಲೆಂದೂ ಎಲ್ಲರೂ ನಂಬಿದ್ದಾರೆ. ಹತ್ತಿರದ ದಾರಿಯಲ್ಲಿ ಹೋಗಿ ದುಡಿಮೆಯಿಲ್ಲದೆ ಕುಳಿತಿರಬೇಕೋ, ದೂರದ ದಾರಿ ಹಿಡಿದು ತನ್ನ ವೃತ್ತಿಯನ್ನು ಉಳಿಸಿಕೊಂಡು ಕಾಯಬೇಕೋ ಎಂಬ ಆಯ್ಕೆಯನ್ನು ಸಹ ಅನೇಕ ವೇಳೆ ಗಂಡನೂ ಅತ್ತೆಮಾವಂದಿರೂ ಮಾಡಿ ಮುಗಿಸಿರುತ್ತಾರೆ. ತನ್ನ ವೀಸಾ ಯಾವ ತರಗತಿಯದು, ಅದರಿಂದ ಹೆಂಡತಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವರನು ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳತಕ್ಕದ್ದು. ಇದು ಜಾತಕಕ್ಕಿಂತ ಮೊದಲು ನೋಡಬೇಕಾದ ವಿಷಯ. ಮರೆಮಾಚಿದ ಸತ್ಯದ ಮೇಲೆ ಕಟ್ಟಿದ ಮದುವೆಯಲ್ಲಿ, ಕಾಯಿಸುವವನು ಕಚೇರಿಯ ಅಧಿಕಾರಿಯಲ್ಲ, ಗಂಡನೇ.

ರಾಮಾಯಣದಲ್ಲಿ ಸೀತೆಯೂ ಊರ್ಮಿಳೆಯೂ ಅಕ್ಕತಂಗಿಯರು. ಕಾಡಿಗೆ ಬರುವೆನೆಂದು ಸೀತೆಯು ವಾದಿಸಿದಳು. ರಾಮನು ಬೇಡವೆಂದುದಕ್ಕೆ ಒಂದೊಂದಾಗಿ ಉತ್ತರ ಕೊಟ್ಟು ಗೆದ್ದಳು. ಊರ್ಮಿಳೆಯನ್ನು ಯಾರಾದರೂ ಕೇಳಿದರೋ? ಅವಳ ಹದಿನಾಲ್ಕು ವರ್ಷಗಳನ್ನು ಕುರಿತು ಆದಿಕವಿಯು ಮೌನವಾಗಿದ್ದಾನೆ. ಹೋಗುವುದು ಹೆಚ್ಚು, ಉಳಿಯುವುದು ಕಡಮೆ ಎಂಬುದು ಇದರ ತಾತ್ಪರ್ಯವಲ್ಲ. ಕಷ್ಟವನ್ನು ತಾನೇ ಆಯ್ದುಕೊಂಡವಳಿಗೆ ಅದು ತಪಸ್ಸಾಗುತ್ತದೆ. ಇತರರು ಹೊರಿಸಿದವಳಿಗೆ ಅದು ಹೊರೆಯಾಗಿಯೇ ಉಳಿಯುತ್ತದೆ.

ಕಾಯುವಿಕೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಮೇಘದೂತದ ಯಕ್ಷನು ಬಹಳ ದುಃಖಿಯೆಂದು ಎಲ್ಲರೂ ಹೇಳುತ್ತಾರೆ. ಆದರೂ ಅವನಿಗೊಂದು ಭಾಗ್ಯವಿತ್ತು. ಶಾಪವು ಒಂದು ವರ್ಷದ್ದೆಂದು ಅವನಿಗೆ ಗೊತ್ತಿತ್ತು. ಉಳಿದುದು ನಾಲ್ಕು ತಿಂಗಳು, ಶ್ರೀಹರಿಯು ಶೇಷಶಯನದಿಂದ ಏಳುವ ದಿನ ಅದು ತೀರುವುದೆಂದು ಅವನು ಹೆಂಡತಿಗೆ ಹೇಳಿ ಕಳುಹಿಸಬಲ್ಲವನಾಗಿದ್ದನು. ಅವಧಿಯುಳ್ಳ ವಿರಹವನ್ನು ವ್ರತದಂತೆ ಆಚರಿಸಬಹುದು. ಅವಧಿಯಿಲ್ಲದ ವಿರಹವು ತಪ್ಪಿಲ್ಲದವರಿಗೆ ವಿಧಿಸಿದ ಶಿಕ್ಷೆ. ವೀಸಾಕ್ಕೆ ಕಾದವರ ಕ್ಲೇಶವು ದಿನಗಳು ಹೆಚ್ಚಾಗಿರುವುದರಲ್ಲಿ ಮಾತ್ರ ಇಲ್ಲ. ಬಾಡಿಗೆಯ ಮನೆ ಬಿಡಬೇಕೋ, ಕೆಲಸಕ್ಕೆ ಸೇರಬೇಕೋ, ಮಗುವನ್ನು ಬಯಸಬೇಕೋ ಎಂಬ ಯಾವುದನ್ನೂ ನಿಶ್ಚಯಿಸಲಾರದಿರುವುದರಲ್ಲಿದೆ. ಆದುದರಿಂದ ರಾಜ್ಯಕ್ಕೆ ಪರೀಕ್ಷಿಸುವ ಅಧಿಕಾರವುಂಟೆಂದು ಒಪ್ಪಿದವರು, ಆ ಅಧಿಕಾರದೊಡನೆ ಎರಡು ಋಣಗಳೂ ಅಂಟಿವೆಯೆಂದು ಹೇಳಬೇಕಾಗುತ್ತದೆ: ಇಷ್ಟು ಕಾಲದೊಳಗೆ ಉತ್ತರ ಕೊಡುವೆನೆಂದು ಹೇಳುವ ಋಣ ಒಂದು, ಇಲ್ಲವೆಂದಾಗ ಕಾರಣವನ್ನು ತಿಳಿಸುವ ಋಣ ಇನ್ನೊಂದು.

ಕಾದಿರುವವರಿಗೂ ಒಂದು ಕರ್ತವ್ಯವುಂಟು. ಬಾಳನ್ನು ಮೂಟೆ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ಕೂರಕೂಡದು. ಓದುವವಳು ಓದಲಿ, ಪಾಠ ಹೇಳುವವಳು ಹೇಳಲಿ, ಸಂಪಾದಿಸುವವಳು ಸಂಪಾದಿಸಲಿ. ನಾಳೆ ಕರೆ ಬರಬಹುದೆಂದು ಇಂದಿನ ಕೆಲಸವನ್ನು ನಿಲ್ಲಿಸುವುದು ಪತಿಭಕ್ತಿಯಲ್ಲ. ಮನೆಯ ಹಿರಿಯರು ದಿನಕ್ಕೆ ಮೂರು ಸಲ ವೀಸಾ ಬಂದಿತೇ ಎಂದು ಕೇಳುವುದನ್ನು ಬಿಟ್ಟು, ಇಂದು ಏನು ಮಾಡಿದೆ ಎಂದು ಕೇಳುವುದು ಮೇಲು. ಆಚೆಯ ದಡದಲ್ಲಿರುವವನೂ ಕಾಯುತ್ತಿರುವವನೇ ಎಂಬುದನ್ನು ಮರೆಯಬಾರದು. ಆದರೆ ಅವನಿಗೆ ಹೋಗಲು ಕಚೇರಿಯುಂಟು, ಬೀದಿಯುಂಟು. ಇವಳಿಗೆ ನೆರೆಯವರ ಪ್ರಶ್ನೆಗಳುಂಟು. ಭಾರವು ಸಮವಲ್ಲವೆಂದು ಅವನು ಅರಿತರೆ ಅರ್ಧ ಇಳಿದಂತೆ.

ಸಪ್ತಪದಿಯ ಕೊನೆಯಲ್ಲಿ ಸಿದ್ಧಿಸುವುದು ಸಖ್ಯವೆಂದು ಹಿರಿಯರು ಹೇಳಿದರು. ಸಖರೆಂದರೆ ಯಾವ ದಾರಿ, ಯಾವ ದೇಶ, ಯಾರು ಏನನ್ನು ಬಿಡಬೇಕು ಎಂಬುದನ್ನು ಕುಳಿತು ಮಾತಾಡಿಕೊಳ್ಳುವವರು. ಎಂಟನೆಯ ಹೆಜ್ಜೆಗೆ ಅಪ್ಪಣೆ ಕೊಡುವುದು ಪರರಾಜ್ಯದ ಕೈಯಲ್ಲಿರಬಹುದು. ಅದನ್ನು ಇಡಬೇಕೋ ಬೇಡವೋ, ಯಾವ ದಿಕ್ಕಿಗೆ ಇಡಬೇಕು ಎಂಬುದನ್ನು ನಿಶ್ಚಯಿಸತಕ್ಕವರು ಮಾತ್ರ ಆ ಇಬ್ಬರೇ.