ಅರಿಶಿನಕ್ಕೆ ಇಲಿಯ ಸಾಕ್ಷಿ

ಹರವೆ ಕಡೆ ಅರಿಶಿನ ಹೊಲದಲ್ಲಿ ಬೆಳೆಯೋ ಬೆಳೆ. ಕಾಲು ಉಳುಕಿ ಊದಿಕೊಂಡರೆ ಅದನ್ನೇ ಕಲಸಿ, ಬಿಸಿ ಮಾಡಿ ಪಟ್ಟು ಹಾಕೋದು. "ಅರಿಸ್ನ ಹಾಕಿವ್ನಿ, ಇಳ್ದೋಯ್ತದೆ ಬುಡು ಮಗ" ಅನ್ನೋ ಅಜ್ಜಿಗೆ ಸರ್ಟಿಫಿಕೇಟ್ ಬೇಕಿಲ್ಲ. ನಮಗೆ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸರ್ಟಿಫಿಕೇಟಿನ ಬೆಲೆ ಯಾರು ಕೊಡ್ತಾರೆ?

ಇಲಿ ಕೊಡುತ್ತೆ. ಗಿಡಮೂಲಿಕೆ ಊತ ಇಳಿಸುತ್ತಾ ಅಂತ ನೋಡೋ ಮಾಮೂಲಿ ಪರೀಕ್ಷೆ 1962ರದ್ದು. ಇಲಿಯ ಹಿಂಗಾಲಿನ ಪಾದಕ್ಕೆ ಕ್ಯಾರಗೀನನ್ ಅನ್ನೋ, ಕಡಲ ಪಾಚಿಯಿಂದ ತೆಗೆದ ವಸ್ತುವನ್ನು ಚುಚ್ಚುತ್ತಾರೆ. ಕೆಲವೇ ಗಂಟೆಗಳಲ್ಲಿ ಪಾದ ಊದುತ್ತೆ. ಕೆಲವು ಇಲಿಗಳಿಗೆ ಗಿಡದ ಸಾರ, ಕೆಲವಕ್ಕೆ ಇಂಡೊಮೆಥಾಸಿನ್‌ನಂಥ ಮಾತ್ರೆಯ ಮದ್ದು, ಉಳಿದವಕ್ಕೆ ಏನೂ ಇಲ್ಲ. ಗಂಟೆಗಂಟೆಗೂ ಪಾದದ ಗಾತ್ರ ಅಳೆಯುತ್ತಾರೆ. ಏನೂ ಸಿಗದ ಇಲಿಯ ನೋವೇ ಇಲ್ಲಿ ಅಳತೆಗೋಲು.

ಮೊದಲ ಸಲ ಇದನ್ನು ಮಾಡಿದವರನ್ನು ನಾನು ದೂರಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಅದು. ಅರಿಶಿನದ ಕರ್ಕ್ಯುಮಿನ್ ಊತ ಇಳಿಸುತ್ತೆ ಅಂತ ಶ್ರೀಮಲ್ ಮತ್ತು ಧವನ್ 1973ರಲ್ಲೇ ಪ್ರಕಟಿಸಿದರು. ಅಲ್ಲಿಗೆ ಇಲಿಯ ಮಟ್ಟಿಗೆ ವಿಷಯ ಮುಗಿಯಬೇಕಿತ್ತು. ಮುಗಿದಿಲ್ಲ. ಥೀಸಿಸ್‌ಗೊಂದು ಹೊಸ ಸಾರ, ಹೊಸ ಡೋಸು, ಹೊಸ ಇಲಿಗಳು. ಪ್ರಾಣಿ ನೀತಿ ಸಮಿತಿಯ ಅನುಮತಿ ಇರುತ್ತೆ, ಸರಿ. ಅನುಮತಿ ಇದೆ ಅಂದಮಾತ್ರಕ್ಕೆ ಅಗತ್ಯ ಇದೆ ಅಂತ ಆಗುತ್ತಾ?

ದಾಖಲೆ ಬೇಕಲ್ಲ ಅಂತೀರಾ? ಬೇಕು. ಗಾಯಕ್ಕೆ ಅರಿಶಿನ ಅನ್ನೋದಕ್ಕೇ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತ್ತಲ್ಲ, ಸಿಎಸ್‌ಐಆರ್ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಆದರೆ ಅಲ್ಲಿ ಕೆಲಸಕ್ಕೆ ಬಂದದ್ದು ಹಳೆಯ ಗ್ರಂಥ, 1953ರ ಒಂದು ವೈದ್ಯಕೀಯ ಲೇಖನ, ಇಂಥ ಕಾಗದಗಳು. ಅದಕ್ಕೆ ಹೊಸದಾಗಿ ಯಾವ ಇಲಿಯ ಪಾದವೂ ಊದಬೇಕಿರಲಿಲ್ಲ.

ಇನ್ನೊಂದು ತಮಾಷೆ ನೋಡಿ. ಅಜ್ಜಿ ಅರಿಶಿನವನ್ನು ಮೇಲೆ ಹಚ್ಚುತ್ತಾಳೆ. ಇಲಿಗೆ ಸಾಮಾನ್ಯವಾಗಿ ಬಾಯಿಗೆ ಹಾಕ್ತಾರೆ. ನಾವು ಬೆಂಗಳೂರಲ್ಲಿ ಆನ್‌ಲೈನಲ್ಲಿ ತರಿಸಿ ನುಂಗೋ ಕರ್ಕ್ಯುಮಿನ್ ಕ್ಯಾಪ್ಸೂಲಿನಿಂದ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಹಾಗಾಗಿ ಅಷ್ಟು ಇಲಿಗಳು ನೋವು ತಿಂದ ಮೇಲೂ ಅಜ್ಜಿಯ ಪಟ್ಟಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಹಾಗೇ ಉಳಿಯುತ್ತೆ.

ಕೇಳೋ ದಾರಿ ಇದೆ. ಕಾಲು ಉಳುಕಿದವರನ್ನೇ ಕೇಳಬಹುದು. ಅವರು ಹೇಗಿದ್ದರೂ ಅರಿಶಿನ ಹಚ್ಚಿಕೊಳ್ಳೋರೇ. ಒಪ್ಪಿಗೆ ಕೊಡಬಲ್ಲರು, ಬೇಡ ಅಂತ ಎದ್ದು ಹೋಗಬಲ್ಲರು, ಎಲ್ಲಿ ನೋಯುತ್ತೆ ಅಂತ ಬಾಯಿಬಿಟ್ಟು ಹೇಳಬಲ್ಲರು. ಇದಕ್ಕೆ ವೈದ್ಯರು ಬೇಕು, ತಿಂಗಳುಗಟ್ಟಲೆ ಸಮಯ ಬೇಕು, ದುಡ್ಡು ಬೇಕು. ಇಲಿ ಅಗ್ಗ. ಇಲ್ಲಿ ಉಳಿಸೋ ದುಡ್ಡು ಇಲಿಯ ಲೆಕ್ಕದಲ್ಲಿ ಖರ್ಚಾಗ್ತಿದೆ.

ಕಷ್ಟವೂ ಇದೆ ಅನ್ನಿ. ಹೋಲಿಸಿ ನೋಡೋಕೆ ಅರ್ಧ ಜನರಿಗೆ ಅರಿಶಿನ ಇಲ್ಲದ ಪಟ್ಟು ಹಾಕಬೇಕಲ್ಲ? ಹರವೆಯಂಥ ಊರಲ್ಲಿ ಅರಿಶಿನದ ಬಣ್ಣ, ವಾಸನೆ ಗೊತ್ತಿಲ್ಲದೋರನ್ನ ಎಲ್ಲಿಂದ ತರೋಣ!